ಹೊರಡುವ ಮುನ್ನ ಮರಳುವ ದಾರಿ

ಗಲ್ಫ್ ಎಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಗಂಡಸರು ದುಡಿಯಲು ಹೋಗುವ ನಾಡು. ಹೆಣ್ಣು ಅಲ್ಲಿಗೆ ಹೋಗುವುದೆಂದರೆ ಒಂದೋ ಸಂಸಾರ ಹೂಡಲು, ಇಲ್ಲವೇ ಮಗಳ ಬಾಣಂತನಕ್ಕೆ. ದುಡಿಯುವ ಹೆಣ್ಣೊಬ್ಬಳು ಕೆಲಸದಿಂದ ಕೆಲವು ದಿನ ಬಿಡುವು ಪಡೆದು ತನಗಾಗಿ ಹೋಗುತ್ತೇನೆಂದರೆ ಮನೆಯವರಿಗೆ ಮೊದಲು ನಗು, ಆಮೇಲೆ ಪ್ರಶ್ನೆ.

ನನಗೂ ಹಾಗೆಯೇ ಆಯಿತು. ಮದ್ರಸದಲ್ಲಿ ಕಲಿತು, ನಂತರ ಬಿ.ಎ. ಮುಗಿಸಿ, ಹದಿನೆಂಟು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಮಕ್ಕಳಿಗೆ ಅರಬಿ ವ್ಯಾಕರಣ ಕಲಿಸುವ ನಾನು, ಅರಬಿ ಮನೆಮಾತಾಗಿರುವವರೊಡನೆ ಹತ್ತು ನಿಮಿಷ ಮಾತನಾಡಿದವಳಲ್ಲ. ಶಾರ್ಜಾದಲ್ಲಿರುವ ತಂಗಿಯ ಮನೆಯಲ್ಲಿ ಎರಡು ತಿಂಗಳು ಇದ್ದು ಆ ಭಾಷೆಗೆ ಕಿವಿಗೊಡಬೇಕೆಂಬುದು ನನ್ನ ಬಯಕೆ.

"ಈ ವಯಸ್ಸಲ್ಲಿ ಕಲಿತು ಏನು ಮಾಡ್ತೀ ಮಗಳೇ?" ಎಂದರು ಉಮ್ಮ.

"ಕಲಿಸುವವಳಿಗೆ ಕಲಿಯುವ ವಯಸ್ಸು ಮುಗಿಯುವುದುಂಟೇ ಉಮ್ಮ?" ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ಪತಿಯ ಪ್ರಶ್ನೆ ಬೇರೆ: "ಮರಳಿ ಬಂದಾಗ ಕೆಲಸ ಇರುತ್ತದೆಯೇ?"

ಅದು ತೂಕದ ಪ್ರಶ್ನೆ. "ಹೋಗಿ ಬನ್ನಿ ಟೀಚರ್" ಎಂಬ ಬಾಯಿಮಾತನ್ನು ನಂಬಿ ಹೋದವರು ಮರಳುವಾಗ ಅವರ ತರಗತಿಯಲ್ಲಿ ಬೇರೊಬ್ಬರು ಪಾಠ ಮಾಡುತ್ತಿರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಆರು ತಿಂಗಳ ಮೊದಲೇ ಅರ್ಜಿ ಬರೆದೆ. ಯಾವ ದಿನದಿಂದ ಯಾವ ದಿನದವರೆಗೆ ಸಂಬಳವಿಲ್ಲದ ರಜೆ, ನನ್ನ ಪಾಠಗಳನ್ನು ಯಾರು ನೋಡಿಕೊಳ್ಳುತ್ತಾರೆ, ಮತ್ತೆ ಹಾಜರಾಗುವ ದಿನ ಯಾವುದು ಎಂದು ಸ್ಪಷ್ಟಪಡಿಸಿ, ಲಿಖಿತ ಉತ್ತರ ಕೇಳಿದೆ. ದಸರಾ ರಜೆಯನ್ನೂ ಸೇರಿಸಿದ್ದರಿಂದ ಸಂಬಳ ಕಡಿತವಾಗುವ ದಿನಗಳು ಕಡಿಮೆಯಾದವು.

ರಾಜೀನಾಮೆ ಕೊಟ್ಟು ಪಿ.ಎಫ್. ಹಣದಲ್ಲಿ ಹೋಗಿ ಬರಲು ಸಲಹೆ ಕೊಟ್ಟವರೂ ಇದ್ದರು. ಕಿರಿಯ ಶಿಕ್ಷಕಿಯರು ಇಲ್ಲಿ ಎಚ್ಚರ ವಹಿಸಬೇಕು. ಐದು ವರ್ಷ ಸೇವೆ ತುಂಬುವ ಮೊದಲೇ ಆ ಹಣ ತೆಗೆದರೆ ತೆರಿಗೆ ಬೀಳಬಹುದು, ಪಿ.ಎಫ್. ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಬೇಕು. ಎರಡು ತಿಂಗಳ ಆಸೆಗೆ ಮುಪ್ಪಿನ ಆಸರೆಯನ್ನು ಒಡೆಯಬಾರದು. ನಾನು ಚೀಟಿ ಕಟ್ಟಿ ಹಣ ಕೂಡಿಸಿದೆ. ಟಿಕೆಟ್ ಮತ್ತು ವೀಸಾದ ಜೊತೆಗೆ, ಬಾರದ ಸಂಬಳದಿಂದ ಮನೆಗೆ ಬೀಳುವ ಕೊರತೆಯನ್ನೂ ಲೆಕ್ಕಕ್ಕೆ ಹಿಡಿದೆ.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಯು.ಎ.ಇ.ಗೆ 30 ಮತ್ತು 60 ದಿನಗಳ ಭೇಟಿ ವೀಸಾಗಳಿವೆ. ಎರಡು ತಿಂಗಳೆಂದು ಅಂದಾಜಿಗೆ ಬಿಡದೆ ದಿನಗಳನ್ನು ಎಣಿಸಿಯೇ ಮರಳುವ ಟಿಕೆಟ್ ಕೊಳ್ಳಬೇಕು, ಅವಧಿ ಮೀರಿದರೆ ದಿನಕ್ಕಿಷ್ಟೆಂದು ದಂಡ ತೆರಬೇಕಾಗುತ್ತದೆ. ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಟಿಕೆಟ್ ಹಣ ಹುಟ್ಟಿಸಬಹುದೆಂಬ ಲೆಕ್ಕವೂ ಬೇಡ. ಭೇಟಿ ವೀಸಾದಲ್ಲಿ ದುಡಿಯಲು ಅನುಮತಿಯಿಲ್ಲ.

ತಂಗಿಗೆಂದು ಮಸಾಲೆ ಕಟ್ಟುವಾಗ ಗಸಗಸೆಯನ್ನು ದೂರವಿಡಿ. ನಮಗದು ಪಾಯಸದ ಸಾಮಗ್ರಿ, ಅಲ್ಲಿ ನಿಷೇಧಿತ ವಸ್ತು. ಕೊಡೀನ್ ಇರುವ ಕೆಮ್ಮಿನ ಔಷಧಿಯೂ ಅಲ್ಲಿ ನಿಯಂತ್ರಣದಲ್ಲಿದೆ. ನಿತ್ಯದ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಅವುಗಳಿಗೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ಬಿಡುವಿಗೆಂದು ಹೋದ ಹೆಣ್ಣು ಅಲ್ಲಿಯೂ ಅಡುಗೆಮನೆಯೊಳಗೇ ದಿನ ಕಳೆದು ಬರುವುದುಂಟು. ಅದಕ್ಕೇ ತಂಗಿಗೆ ಫೋನಿನಲ್ಲಿ ಮೊದಲೇ ಹೇಳಿದೆ, "ಬೆಳಗಿನ ಹೊತ್ತು ನನ್ನದು, ಸಂಜೆಯ ಅಡುಗೆಗೆ ನಿನ್ನ ಜೊತೆಗಿದ್ದೇನೆ." ಅವಳು ನಕ್ಕು ಒಪ್ಪಿದಳು. ಶಾರ್ಜಾ 2019ರಲ್ಲಿ ಯುನೆಸ್ಕೋದ ವಿಶ್ವ ಪುಸ್ತಕ ರಾಜಧಾನಿಯಾಗಿದ್ದ ನಗರ. 2020ರಲ್ಲಿ ತೆರೆದ 'ಹೌಸ್ ಆಫ್ ವಿಸ್ಡಮ್' ಗ್ರಂಥಾಲಯವಿದೆ, ಇಸ್ಲಾಮೀ ನಾಗರಿಕತೆಯ ವಸ್ತುಸಂಗ್ರಹಾಲಯವಿದೆ. 1982ರಲ್ಲಿ ಆರಂಭವಾದ ಪುಸ್ತಕ ಮೇಳ ನವೆಂಬರ್‌ನಲ್ಲಿ ನಡೆಯುತ್ತದೆ. ನನ್ನ ರಜೆಯನ್ನು ಅದಕ್ಕೆ ಹೊಂದಿಸಿಕೊಂಡಿದ್ದೇನೆ.

ಉಮ್ಮನ ಮಾತ್ರೆಗಳ ಹೊತ್ತನ್ನು ಮಗಳು ಬರೆದುಕೊಂಡಿದ್ದಾಳೆ. ಪತಿ ಅನ್ನ ಬಸಿಯುವುದನ್ನು ಕಲಿತಿದ್ದಾರೆ.

ಸಹೋದರಿಯರೇ, ಬಿಡುವು ಬಯಸುವುದು ಸೋಮಾರಿತನವಲ್ಲ. ಆದರೆ ಮರಳುವ ದಾರಿ ಭದ್ರವಾಗಿರಲಿ. ಶಾಲೆಯ ಉತ್ತರ ಕಳೆದ ವಾರ ಬಂತು, ಹಾಜರಾಗುವ ದಿನಾಂಕವೂ ಅದರಲ್ಲಿದೆ. ಇನ್ನು ಟಿಕೆಟ್ ಕೊಳ್ಳಬೇಕು, ಇನ್ ಶಾ ಅಲ್ಲಾಹ್.