ಹಳೆಯ ಕವಚದೊಳಗಿನ ಹೊಸತು

ಹಳೆಯ ವಾಲ್ವ್ ರೇಡಿಯೊಗಳ ದುರಸ್ತಿ ನನ್ನ ಹವ್ಯಾಸ. ಅವುಗಳಲ್ಲಿರುವ ಮೇಣ ಸವರಿದ ಕಾಗದದ ಕೆಪಾಸಿಟರುಗಳು ದಶಕಗಳ ತೇವವನ್ನು ಹೀರಿ ವಿದ್ಯುತ್ತನ್ನು ಸೋರಗೊಡುತ್ತವೆ. ಆ ಸೋರಿಕೆಯು ಔಟ್‌ಪುಟ್ ವಾಲ್ವಿನ ಗ್ರಿಡ್ಡನ್ನು ತಲುಪಿದರೆ ವಾಲ್ವ್ ಅತಿಯಾಗಿ ಕಾದು ಕೆಡುತ್ತದೆ. ಆದುದರಿಂದ ಕಾಗದದ ಕೊಳವೆಯನ್ನು ಮೆಲ್ಲನೆ ಬಿಸಿಮಾಡಿ, ತಿರುಳನ್ನು ಹೊರತೆಗೆದು, ಹೊಸ ಪಾಲಿಯೆಸ್ಟರ್ ಕೆಪಾಸಿಟರನ್ನು ಒಳಗಿರಿಸಿ, ತುದಿಗಳನ್ನು ಮೇಣದಿಂದ ಮುಚ್ಚುತ್ತೇನೆ. ನೋಡುವವರಿಗೆ ಎಲ್ಲವೂ 1950ರ ದಶಕದ್ದೇ ಎಂದು ತೋರುತ್ತದೆ.

‘ಇದು ವಂಚನೆಯಲ್ಲವೇ?’ ಎಂದು ಮಿತ್ರರೊಬ್ಬರು ಕೇಳಿದರು. ಹೇಳದೆ ಮಾರಿದರೆ ನಿಶ್ಚಯವಾಗಿಯೂ ವಂಚನೆಯೇ. ಕೊಳ್ಳುವವನು ಹಳೆಯದೆಂದು ನಂಬಿಯೇ ಬೆಲೆ ತೆರುತ್ತಾನೆ. ಅದಕ್ಕಾಗಿಯೇ ಬದಲಿಸಿದ ಪ್ರತಿಯೊಂದು ಭಾಗವನ್ನೂ ದಿನಾಂಕಸಹಿತ ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸುತ್ತೇನೆ. ಇದರಿಂದ ಬೆಲೆ ತಗ್ಗುವುದುಂಟು. ಆದರೆ ಮುಂದೊಂದು ದಿನ ಅದನ್ನು ಬಿಚ್ಚುವ ಅಪರಿಚಿತನೂ ಮೋಸಹೋಗಬಾರದು.