ಚಕ್ಕುಲಿಯ ಒರಳೂ ತಾರೀಖಿನ ಪೆಟ್ಟಿಗೆಯೂ

ನಮ್ಮ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ನಮಗೆ ಎಂದಿಗೂ ಸುಲಭವಾಗಿಲ್ಲ. ಜಾವಾ ಎಂಬ ಭಾಷೆಯಲ್ಲಿ ಬರೆಯುತ್ತೇವೆ ಎಂದರೆ, ಅದು ದ್ವೀಪವಲ್ಲವೆ, ಎನ್ನುತ್ತಾರೆ ನಮ್ಮ ಸೋದರಮಾವನವರು. ಗಣಕಯಂತ್ರಕ್ಕೆ ಅಪ್ಪಣೆ ಕೊಡುವ ಆ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು 1995ರಲ್ಲಿ ಲೋಕಕ್ಕೆ ತಂದರು. ಅದರಲ್ಲಿ ನಾವು ಬರೆದುದು ದೂರದ ಯಂತ್ರವೊಂದರಲ್ಲಿದ್ದುಕೊಂಡು, ಜನರ ಪರದೆಗೆ ಪುಟಗಳನ್ನು ಕಳುಹಿಸುತ್ತದೆ. ಅವರು ತುಂಬಿದುದನ್ನು ಓದಿ ಲೆಕ್ಕಕ್ಕೆ ಸೇರಿಸುತ್ತದೆ. ವಾಚಕರು ಇಷ್ಟನ್ನು ತಿಳಿದರೆ ಮುಂದಿನ ಸಂಗತಿಗೆ ಸಾಕು.

2011ರಲ್ಲಿ ಸಹಕಾರ ಸಂಘವೊಂದರ ಠೇವಣಿ ಸಾಲಗಳ ಲೆಕ್ಕಕ್ಕೆ ಇಂತಹ ಪುಟಗಳನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಸುಮಾರು ನಾಲ್ವತ್ತು ಪುಟಗಳು; ಪ್ರತಿಯೊಂದರಲ್ಲಿಯೂ ತಾರೀಖು ಬರೆಯುವ ಪೆಟ್ಟಿಗೆ. ಮೊದಲನೆಯದನ್ನು ಶ್ರಮಪಟ್ಟು ಬರೆದು, ಮಿಕ್ಕ ಕಡೆಗಳಿಗೆ ಅದರ ನಕಲು ತೆಗೆದು ಅಂಟಿಸಿದೆವು. ಸೋಮಾರಿತನಕ್ಕೆ ಅಂದು ನಾವು ಕೊಟ್ಟುಕೊಂಡ ಹೆಸರು ಚುರುಕು ಎಂದು.

ಒಂದು ದಿನ ಗುಮಾಸ್ತರೊಬ್ಬರು ಕೈತಪ್ಪಿ ಫೆಬ್ರವರಿ 31 ಎಂದು ಬರೆದರು. ಯಂತ್ರವು ಚಕಾರವೆತ್ತದೆ ಅದನ್ನು ಮಾರ್ಚಿ 3 ಎಂದು ದಾಖಲೆಮಾಡಿತು. ತಾರೀಖು ಓದುವುದಕ್ಕೆ ಜಾವಾದಲ್ಲಿದ್ದ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಎಂಬ ಹಳೆಯ ಸಾಧನಕ್ಕೆ ಹುಟ್ಟಿನಿಂದಲೇ ಔದಾರ್ಯ ಹೆಚ್ಚು; ಬಿಗಿಯಾಗಿರೆಂದು ಹೇಳದಿದ್ದರೆ ಮಿಕ್ಕ ದಿನಗಳನ್ನು ಮುಂದಿನ ತಿಂಗಳಿಗೆ ದಾಟಿಸಿಬಿಡುತ್ತದೆ. ತಿದ್ದತಕ್ಕದ್ದು ಒಂದೇ ಸಾಲು, ಆದರೆ ನಾಲ್ವತ್ತು ಕಡೆ. ರಾತ್ರಿಯೆಲ್ಲ ಕುಳಿತು ತಿದ್ದಿದೆವು. ಒಂದು ಪುಟ ಉಳಿದುಹೋಗಿತ್ತೆಂಬುದು ಮರುವಾರ ತಿಳಿಯಿತು.

ಆಗ ಗೋಕುಲಾಷ್ಟಮಿಯ ದಿನಗಳು. ಅಡಿಗೆಮನೆಯಲ್ಲಿ ತಾಯಿಯವರು ಚಕ್ಕುಲಿ ಒತ್ತುತ್ತಿದ್ದರು. ಅದು ಮುಗಿದೊಡನೆ ಒರಳಿನ ಬಿಲ್ಲೆಯನ್ನು ತೆಗೆದು ಸಣ್ಣ ತೂತುಗಳ ಬೇರೊಂದನ್ನು ಹಾಕಿದರು. ಅದೇ ಒರಳಿನಿಂದ ಓಂಪುಡಿ ಇಳಿಯಿತು. ನಾವು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆವು.

ಜಾವಾಸರ್ವರ್ ಫೇಸಸ್ ಎಂಬ ಏರ್ಪಾಡಿನ 2009ರ ಆವೃತ್ತಿಯಲ್ಲಿ ಇಂತಹುದೇ ಒಂದು ಅನುಕೂಲವಿದ್ದಿತು. (ಈಗ ಅದರ ಹೆಸರು ಜಕಾರ್ತಾ ಫೇಸಸ್, ಆ ಊರೂ ಜಾವಾ ದ್ವೀಪದಲ್ಲಿಯೇ ಇರುವುದರಿಂದ ನಮ್ಮ ಸೋದರಮಾವನವರು ಗೆದ್ದಂತೆಯೇ.) ರಿಸೋರ್ಸಸ್ ಎಂಬ ಕೋಶದಲ್ಲಿ ಒಂದು ಕಡತ, ಅದರಲ್ಲಿ ಎರಡು ಭಾಗ. ಇಂಟರ್‌ಫೇಸ್ ಎಂಬ ಭಾಗದಲ್ಲಿ, ಬಳಸುವವರು ಏನೇನು ಬದಲಾಯಿಸಬಹುದೆಂಬುದನ್ನು ಹೇಳಬೇಕು: ಪೆಟ್ಟಿಗೆಯ ಹೆಸರು, ಅದು ಯಾವುದರ ತಾರೀಖು, ತುಂಬಲೇಬೇಕೆ ಬಿಡಬಹುದೆ. ಇದು ಬಿಲ್ಲೆ. ಇಂಪ್ಲಿಮೆಂಟೇಶನ್ ಎಂಬ ಭಾಗದಲ್ಲಿ ಪೆಟ್ಟಿಗೆಯ ರಚನೆ. ಇದು ಒರಳು. ಹೀಗೆ ಮಾಡಿದ ತುಣುಕನ್ನು ಕಾಂಪೊನೆಂಟ್ ಎನ್ನುವರು. ನಾಲ್ವತ್ತು ನಕಲುಗಳನ್ನು ಅಳಿಸಿ, ಪ್ರತಿಯೊಂದು ಪುಟದಲ್ಲಿಯೂ ಅದನ್ನು ಕರೆಯುವ ಒಂದೊಂದು ಸಾಲನ್ನು ಬರೆದೆವು. ಆ ರಾತ್ರಿ ನಮಗೆ ಸುಖನಿದ್ರೆ ಬಂದಿತು.

ಆ ಸುಖ ಬಹಳ ದಿನ ನಿಲ್ಲಲಿಲ್ಲ. ಮಿತವ್ಯಯದ ಬುದ್ಧಿಯಿಂದ, ತಾರೀಖನ್ನು ಓದುವ ಆ ಹಳೆಯ ಸಾಧನವನ್ನು ಒಂದೇ ಒಂದು ಸಲ ಸೃಷ್ಟಿಸಿ, ಎಲ್ಲ ಪುಟಗಳಿಗೂ ಎಲ್ಲ ಶಾಖೆಗಳಿಗೂ ಅದನ್ನೇ ಹಂಚಿದ್ದೆವು. ಕೆಲವು ತಿಂಗಳ ಮೇಲೆ ವೃದ್ಧೆಯೊಬ್ಬರು ಠೇವಣಿಯ ರಸೀತಿಯನ್ನು ಹಿಡಿದು ಸಂಘಕ್ಕೆ ಬಂದರು. ಮೊಮ್ಮಗನ ಶಾಲೆಗೆ ಹಣ ಕಟ್ಟಬೇಕಾಗಿದ್ದಿತು. ರಸೀತಿಯಲ್ಲಿ ವಾಯಿದೆ ತೀರಿದ್ದಿತು. ಯಂತ್ರದಲ್ಲಿ ಇನ್ನೂ ಒಂದು ವರ್ಷವಿದ್ದಿತು. ಆಕೆಯನ್ನು ಎರಡು ಸಲ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದ ಮೇಲೆ ನಮಗೆ ಕರೆ ಬಂದಿತು. ಆಕೆಯ ತಾರೀಖನ್ನು ಬರೆದ ಕ್ಷಣದಲ್ಲಿಯೇ ಮತ್ತೊಂದು ಶಾಖೆಯವರು ಬೇರೊಬ್ಬರ ತಾರೀಖನ್ನು ಬರೆದಿದ್ದರು. ಅದು ಇದಕ್ಕೆ ಅಂಟಿಕೊಂಡಿದ್ದಿತು. ಆಕೆಗೆ ಅಂದೇ ಹಣ ಕೊಡಿಸಿದರು. ಯಂತ್ರದ ದೋಷವಮ್ಮ, ಎಂದರು ಗುಮಾಸ್ತರು. ಪಕ್ಕದಲ್ಲಿಯೇ ಕುಳಿತಿದ್ದ ನಾವು ತುಟಿ ಬಿಚ್ಚಲಿಲ್ಲ.

ಆ ರಾತ್ರಿ ಊಟ ಸೇರದಿದ್ದುದನ್ನು ಕಂಡು ತಾಯಿಯವರು ಕಾರಣ ಕೇಳಿದರು. ತಿಳಿದಷ್ಟು ಸರಳವಾಗಿ ಹೇಳಿದೆವು. ಅವರು ಕೇಳಿ, “ಒರಳನ್ನು ಹತ್ತು ಮನೆಗೆ ಕೊಡಬಹುದಪ್ಪ. ಒಬ್ಬರ ಹಿಟ್ಟು ಒಳಗಿರುವಾಗಲೇ ಇನ್ನೊಬ್ಬರು ತುಂಬಿದರೆ ಯಾರ ಚಕ್ಕುಲಿಗೆ ಯಾರ ರುಚಿ?” ಎಂದರು. ನಮ್ಮ ಸಾಧನದ ಹೊಟ್ಟೆಯಲ್ಲಿಯೂ ಹೀಗೆಯೇ, ಓದುತ್ತಿರುವ ತಾರೀಖು ಅರ್ಧಮರ್ಧವಾಗಿ ಕುಳಿತಿರುತ್ತದೆ. ಅಂದೇ ರಾತ್ರಿ, ಪ್ರತಿಯೊಂದು ಸಲ ಓದುವಾಗಲೂ ಹೊಸ ಸಾಧನವನ್ನೇ ಸೃಷ್ಟಿಸುವಂತೆ ತಿದ್ದಿದೆವು. ಈ ಸಲ ತಿದ್ದಿದ್ದು ಒಂದೇ ಕಡೆ.

2014ರ ಜಾವಾ 8ರಲ್ಲಿ ಡೇಟ್‌ಟೈಮ್‌ಫಾರ್ಮ್ಯಾಟರ್ ಎಂಬ ಹೊಸ ಸಾಧನ ಬಂದಿತು. ಇದು ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ನಿಶ್ಚಿಂತೆಯಾಗಿ ಎಲ್ಲರಿಗೂ ಹಂಚಬಹುದು. ಆದರೂ ಬಿಗಿಯಾಗಿರೆಂದು ಇದಕ್ಕೂ ಹೇಳಬೇಕು. ಇಲ್ಲವಾದರೆ ಫೆಬ್ರವರಿ 31 ಎಂದು ಬರೆದವರನ್ನು ಆ ತಿಂಗಳ ಕಡೆಯ ದಿನಕ್ಕೆ ತಂದು ನಿಲ್ಲಿಸಿಬಿಡುತ್ತದೆ. ನಾವು ಹೇಳಿದ್ದೇವೆ.

ಈ ವರ್ಷದ ಹಬ್ಬಕ್ಕೂ ಪಕ್ಕದ ಮನೆಯವರು ಒರಳು ಕೇಳಲು ಬಂದಿದ್ದರು. ತಾಯಿಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ ನೋಡಿ, ಆಮೇಲೆ ಕೊಟ್ಟರು.