ಬೆಟ್ಟದ ಹಾದಿಯಲ್ಲಿ ಅಪ್ರಮಾದ

ನಡೆಯುವುದೂ ಒಂದು ಸಾಧನೆಯೆಂಬುದನ್ನು ಜಿನಧರ್ಮ ಬಲ್ಲಷ್ಟು ಚೆನ್ನಾಗಿ ಬೇರಾವ ಧರ್ಮವೂ ಬಲ್ಲದೆಂದು ತೋರುವುದಿಲ್ಲ. ಮುನಿಗಳ ವಿಹಾರ ಕಾಲ್ನಡಿಗೆಯಲ್ಲಿಯೇ ಸಾಗುತ್ತದೆ. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವುದು ಈರ್ಯಾಸಮಿತಿ. ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದು ಚಾತುರ್ಮಾಸ. ಆದರೆ ಗೃಹಸ್ಥರಾದ ನಾವು ನಡಿಗೆಯನ್ನು ಧರ್ಮದ ವಿಷಯವೆಂದು ಎಣಿಸುವುದು ಅಪರೂಪ. ಬೆಟ್ಟ, ಕಾಡು, ಹೊಳೆಗಳ ನಡುವೆ ಮಕ್ಕಳಿಗೆ ಪಾಠ ಕಲಿಸುವುದನ್ನೇ ಒಂದು ವಿದ್ಯೆಯಾಗಿ ಓದಲು ಹೋದ ಶ್ರಾವಕಿಯೊಬ್ಬಳ ಅನುಭವವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಆಕೆ ಕಾರ್ಕಳ ಸೀಮೆಯವಳು, ಪ್ರೌಢಶಾಲೆಯ ಅಧ್ಯಾಪಕಿ. ಸ್ಕಾಟ್ಲೆಂಡಿನ ವಿಶ್ವವಿದ್ಯಾನಿಲಯವೊಂದರಲ್ಲಿ ಹೊರಾಂಗಣ ಶಿಕ್ಷಣದ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಳಿಗೆ ಅವಕಾಶ ದೊರೆತಾಗ ಮನೆಯಲ್ಲಿ ಸಂತೋಷಕ್ಕಿಂತ ಸಂದೇಹವೇ ಹೆಚ್ಚಾಯಿತು. ಬಸದಿಯ ಆಡಳಿತದಲ್ಲಿ ಬಹುಕಾಲ ದುಡಿದ ದೊಡ್ಡಪ್ಪ ನೇರವಾಗಿಯೇ ಕೇಳಿದರು: "ಮಗಳೇ, ಗುಡ್ಡ ಹತ್ತಿ ಇಳಿಯುವುದಕ್ಕೂ ಒಂದು ಪದವಿಯೇ? ಪ್ರಯೋಜನವಿಲ್ಲದೆ ತಿರುಗುವುದು, ಹಸುರು ತುಳಿಯುವುದು, ನೀರು ಕಲಕುವುದು, ಇವನ್ನೆಲ್ಲ ಪ್ರಮಾದಚರ್ಯೆಯೆಂದು ಓದಿದವಳಲ್ಲವೇ ನೀನು?"

ಮಾತು ನಿರಾಧಾರವಾಗಿರಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ ಪ್ರಮಾದಚರ್ಯೆಯೂ ಬರುತ್ತದೆ. ಅವಳಲ್ಲಿ ಆಗ ಉತ್ತರವಿರಲಿಲ್ಲ. ಅನಸ್ತಮಿತ ವ್ರತವನ್ನೂ ಕಂದಮೂಲ ತ್ಯಾಗವನ್ನೂ ಬಿಡುವುದಿಲ್ಲವೆಂದು ಮಾತು ಕೊಟ್ಟು ಹೊರಟಳು.

ಅಲ್ಲಿ ಕಂಡ ವಿದ್ಯೆ ಅವಳು ಎಣಿಸಿದ್ದಕ್ಕಿಂತ ಗಂಭೀರವಾಗಿತ್ತು. ಜರ್ಮನಿಯ ಶಿಕ್ಷಣತಜ್ಞ ಕುರ್ಟ್ ಹಾನ್ ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಸೆರೆಯಾಗಿ, ಬಿಡುಗಡೆಯ ಬಳಿಕ ಬ್ರಿಟನ್ನಿಗೆ ಬಂದವರು. 1934ರಲ್ಲಿ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್‌ನಲ್ಲಿ ಶಾಲೆ ತೆರೆದರು. 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯ ಆರಂಭಕ್ಕೆ ಕಾರಣರಾದರು. ಯುದ್ಧಕಾಲದಲ್ಲಿ ಹಡಗು ಮುಳುಗಿದಾಗ ತರುಣ ನಾವಿಕರು ಧೃತಿಗೆಡದೆ ಬದುಕಿ ಉಳಿಯಬೇಕೆಂಬುದು ಅದರ ಮೊದಲ ಉದ್ದೇಶಗಳಲ್ಲೊಂದು. ಆಪತ್ತಿನಲ್ಲಿರುವವರನ್ನು ಕಾಪಾಡುವ ಸೇವೆಯಿಂದ ಯುವಜನರಲ್ಲಿ ಅನುಕಂಪ ಬೆಳೆಯುವುದೆಂದು ಹಾನ್ ನಂಬಿದ್ದರು. ತಲೆ, ಹೃದಯ, ಕೈ ಮೂರೂ ಕೂಡಿ ಕಲಿಯಬೇಕೆಂದ ಪ್ಯಾಟ್ರಿಕ್ ಗೆಡ್ಡೆಸ್ ಎಡಿನ್‌ಬರೊದಲ್ಲಿ ಕೆಲಸಮಾಡಿದವರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರೂ ಆದವರು. ಅನುಭವವೆಲ್ಲವೂ ತಾನಾಗಿ ಶಿಕ್ಷಣವಾಗುವುದಿಲ್ಲವೆಂದು ಜಾನ್ ಡ್ಯೂಯಿ 1938ರ ತಮ್ಮ ಕೃತಿಯಲ್ಲಿ ವಾದಿಸಿದ್ದರು. ಆದ್ದರಿಂದ ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ದಿನಚರಿ ಇಡಬೇಕು. ಮಾಡಿದ್ದನ್ನಷ್ಟೇ ಬರೆದರೆ ಸಾಲದು, ತಪ್ಪಿದ್ದೆಲ್ಲಿ ಎಂಬುದನ್ನೂ ಬರೆಯಬೇಕು.

ವ್ರತಪಾಲನೆಗೆ ಆ ನಾಡಿನ ಹಗಲೇ ಮೊದಲ ಪರೀಕ್ಷೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಸುಮಾರಿಗೆ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ 8.40ರ ಮೇಲೆ ಹುಟ್ಟಿ ಮಧ್ಯಾಹ್ನ 3.40ಕ್ಕೇ ಮುಳುಗುತ್ತಾನೆ. ಅಸ್ತಮಾನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಮನೆಯ ಪದ್ಧತಿಯಂತೆ ನಡೆದರೆ ಮೂರು ಗಂಟೆಯೊಳಗೆ ದಿನದ ಆಹಾರ ಮುಗಿಯಬೇಕು. ಉಳಿದವು ಅಷ್ಟು ಕಷ್ಟವಾಗಲಿಲ್ಲ. ಚರ್ಮವಿಲ್ಲದ ಬೂಟು ದೊರೆಯಿತು. ಹಕ್ಕಿಯ ಪುಕ್ಕದ ಬದಲು ಕೃತಕ ನೂಲು ತುಂಬಿದ ಮಲಗುಚೀಲವೂ ದೊರೆಯಿತು. ಸಹಪಾಠಿಗಳು ಅವಳ ನಿಯಮಗಳನ್ನು ಗೌರವಿಸಿದರು. ಎಡವಿದ್ದು ಆ ಗೌರವದ ನೆರಳಿನಲ್ಲಿಯೇ.

ಡಿಸೆಂಬರ್ ತಿಂಗಳ ಒಂದು ದಿನ ಎಡಿನ್‌ಬರೊ ಸಮೀಪದ ಪೆಂಟ್‌ಲೆಂಡ್ ಬೆಟ್ಟಸಾಲಿನಲ್ಲಿ ಆರು ಮಂದಿಯ ತಂಡವನ್ನು ನಡೆಸುವ ಸರದಿ ಅವಳದಾಗಿತ್ತು. ಆ ಸಾಲಿನ ಅತ್ಯುನ್ನತ ಶಿಖರವೂ 579 ಮೀಟರ್ ಮಾತ್ರ. ನಮ್ಮ ಕುದುರೆಮುಖದ ಮುಂದೆ ಅದು ಗುಡ್ಡವೇ ಸರಿ. ಆದರೆ ಅಂದು ಹಿಮಬೆರೆತ ಮಳೆಯೂ ಗಾಳಿಯೂ ಬಿಡಲಿಲ್ಲ. ತಂಡ ತಡವಾಗಿ ಹೊರಟಿದ್ದರಿಂದ ಹನ್ನೆರಡು ಗಂಟೆಯ ವಿಶ್ರಾಂತಿಯನ್ನು ಕೈಬಿಟ್ಟು, ಎರಡೂವರೆಗೆ ಕಣಿವೆಗೆ ಇಳಿದು ಎಲ್ಲರೂ ಒಟ್ಟಿಗೆ ಉಣ್ಣುವುದೆಂದು ಅವಳು ನಿಶ್ಚಯಿಸಿದಳು. ತನ್ನ ವ್ರತಕ್ಕೆ ಅದೇ ಅನುಕೂಲವೆಂಬುದು ಆ ನಿಶ್ಚಯದ ಒಳಗಿನ ಕಾರಣ. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಸಹಪಾಠಿಯೊಬ್ಬ ಹಿಂದೆ ಬೀಳತೊಡಗಿದ. ಅವಳು ಗಡಿಯಾರ ನೋಡಿ ನಡಿಗೆಯನ್ನು ಚುರುಕುಗೊಳಿಸಿದಳು. ಅವನು ಎರಡು ಸಲ ಎಡವಿದ. ಕೇಳಿದ್ದಕ್ಕೆ ತೊದಲಿ ಉತ್ತರಿಸಿದ. ಅಂಗಿಯ ಜಿಪ್ಪನ್ನು ಏರಿಸಲು ಅವನ ಬೆರಳುಗಳಿಗೆ ಆಗಲಿಲ್ಲ. ಇವು ಮೈಯ ಶಾಖ ಇಳಿಯುತ್ತಿರುವ ಲಕ್ಷಣಗಳೆಂದು ಅವಳು ವಾರದ ಹಿಂದಷ್ಟೇ ಟಿಪ್ಪಣಿ ಬರೆದುಕೊಂಡಿದ್ದಳು. ಆದರೂ ಅಂದು ಅವು ಅವಳ ಕಣ್ಣಿಗೆ ಆಲಸ್ಯವಾಗಿ ಕಂಡವು. ಕೊನೆಯಲ್ಲಿ ನಡೆಯುತ್ತಿದ್ದ ಉಪನ್ಯಾಸಕಿ ತಂಡವನ್ನು ನಿಲ್ಲಿಸಿದರು. ಎಲ್ಲರೂ ಒಂದು ದೊಡ್ಡ ನೈಲಾನ್ ಹೊದಿಕೆಯ ಅಡಿ ಒತ್ತಾಗಿ ಕುಳಿತರು. ಅವನಿಗೆ ಒಣಬಟ್ಟೆ ತೊಡಿಸಿ, ಸಿಹಿಯಾದ ಬಿಸಿ ಪಾನೀಯ ಕುಡಿಸಿದರು. ಅವನು ಚೇತರಿಸಿಕೊಂಡ ಮೇಲೆ ನಿಧಾನವಾಗಿ ಕೆಳಗಿಳಿದರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಅವಳ ಬುತ್ತಿ ಬಿಚ್ಚದೆಯೇ ಉಳಿಯಿತು.

ಉಪನ್ಯಾಸಕಿ ಗದರಿಸಲಿಲ್ಲ. "ನಿನ್ನ ಕಣ್ಣು ಸೂರ್ಯನ ಮೇಲಿತ್ತು. ಹಿಂದೆ ಬರುವವರ ಮೇಲೆ ಯಾರ ಕಣ್ಣಿರಬೇಕಿತ್ತು?" ಎಂದಷ್ಟೇ ಕೇಳಿದರು.

ಆ ರಾತ್ರಿ ದಿನಚರಿ ಬರೆಯಲು ಕುಳಿತವಳಿಗೆ ಅದು ತಾನು ಬಾಲ್ಯದಿಂದ ಕೇಳಿದ ಪ್ರತಿಕ್ರಮಣಕ್ಕಿಂತ ಬೇರೆಯಲ್ಲವೆಂದು ತೋರಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕೊಲ್ಲುವ ದ್ವೇಷವಿಲ್ಲದಿದ್ದರೂ ಎಚ್ಚರದಪ್ಪಿದ ಮನಸ್ಸು ಹಿಂಸೆಗೆ ಬಾಗಿಲು ತೆರೆಯುತ್ತದೆ. ಅವಳು ಅಂದು ಯಾರ ಕೇಡನ್ನೂ ಬಯಸಿರಲಿಲ್ಲ, ವ್ರತವನ್ನೂ ಮುರಿದಿರಲಿಲ್ಲ. ಆದರೂ ಒಂದು ಜೀವ ಅಪಾಯದ ಅಂಚಿಗೆ ಬಂದಿತ್ತು.

ಆ ದೇಶ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. 1971ರ ನವೆಂಬರಿನಲ್ಲಿ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಎಡಿನ್‌ಬರೊದ ಐವರು ಶಾಲಾಮಕ್ಕಳೂ ತರಬೇತಿಯಲ್ಲಿದ್ದ ತರುಣ ಸಹಾಯಕಿಯೊಬ್ಬಳೂ ಅಸುನೀಗಿದರು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ಅರ್ಹತೆಯ ಪ್ರಶ್ನೆ ಆ ಬಳಿಕ ತೀವ್ರವಾಗಿ ಚರ್ಚೆಗೆ ಬಂದಿತು. 1993ರಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ದೋಣಿವಿಹಾರಕ್ಕೆ ಹೋದ ನಾಲ್ವರು ವಿದ್ಯಾರ್ಥಿಗಳು ಮಡಿದ ಮೇಲೆ 1995ರಲ್ಲಿ ಬ್ರಿಟನ್ನಿನ ಸಂಸತ್ತು ಇಂತಹ ಕೇಂದ್ರಗಳ ಸುರಕ್ಷತೆಗಾಗಿ ಪ್ರತ್ಯೇಕ ಶಾಸನವನ್ನೇ ಮಾಡಿತು.

ಅವಳು ನಡೆದುದನ್ನು ಮರೆಮಾಚದೆ ದೊಡ್ಡಪ್ಪನಿಗೆ ಪತ್ರ ಬರೆದಳು; ವ್ರತವನ್ನು ಸಡಿಲಿಸಬೇಕೇ ಎಂದೂ ಕೇಳಿದಳು. ಅವರ ಉತ್ತರ ಚಿಕ್ಕದಾಗಿತ್ತು: "ವ್ರತ ತೆಗೆದುಕೊಂಡವಳು ನೀನು. ಅದರ ಭಾರ ನಿನ್ನ ಹಸಿವಿನ ಮೇಲಿರಲಿ, ಪರರ ಹಸಿವಿನ ಮೇಲೆ ಬೇಡ. ಸಮಯವಿದ್ದರೆ ಉಣ್ಣು, ಇಲ್ಲದಿದ್ದರೆ ಉಪವಾಸವಿರು. ಆದರೆ ಯಾರನ್ನೂ ಓಡಿಸಬೇಡ. ಪ್ರಮಾದಚರ್ಯೆಯೆಂದು ನಾನು ಹೇಳಿದ್ದು ಬೆಟ್ಟಕ್ಕಲ್ಲವೆಂದು ಈಗ ತಿಳಿಯಿತು." ಅಂದಿನಿಂದ ಅವಳು ತನ್ನ ಬುತ್ತಿಯನ್ನು ಕಿಸೆಯಲ್ಲಿಯೇ ಇಟ್ಟುಕೊಂಡು, ಇತರರು ನಿಂತಾಗಲೆಲ್ಲ ಸ್ವಲ್ಪಸ್ವಲ್ಪ ತಿಂದಳು. ಆಗದ ದಿನ ಉಪವಾಸ ಮಾಡಿದಳು. ತಂಡದ ಊಟದ ಹೊತ್ತನ್ನು ಮತ್ತೆಂದೂ ತನ್ನ ವ್ರತಕ್ಕೆ ಕಟ್ಟಿಹಾಕಲಿಲ್ಲ.

ಊರಿಗೆ ಮರಳಿದ ವರ್ಷ ಬೇಸಿಗೆಯ ಧಾರ್ಮಿಕ ಶಿಬಿರದ ಮಕ್ಕಳನ್ನು ಬೆಟ್ಟದ ಮೇಲಿನ ಬಾಹುಬಲಿ ದರ್ಶನಕ್ಕೆ ಕರೆದೊಯ್ಯುವ ಹೊಣೆ ಅವಳಿಗೆ ಬಂದಿತು. ಅವಳು ಹಿಂದಿನ ದಿನವೇ ಹೋಗಿ ದಾರಿ ನೋಡಿ ಬಂದಳು. ಮೇ ತಿಂಗಳ ಬಂಡೆ ಬರಿಗಾಲನ್ನು ಸುಡುವುದರಿಂದ ಸೂರ್ಯೋದಯಕ್ಕೇ ಹತ್ತುವುದೆಂದು ಗೊತ್ತುಮಾಡಿದಳು. ಮುಂದೊಬ್ಬರು, ಕೊನೆಗೊಬ್ಬರು ಹಿರಿಯರು, ನಿಂತಲ್ಲೆಲ್ಲ ತಲೆಯೆಣಿಕೆ, ಎಲ್ಲರಿಗೂ ಸೋಸಿದ ನೀರು, ಅತ್ಯಂತ ನಿಧಾನವಾಗಿ ನಡೆಯುವ ಮಗುವಿನ ಹೆಜ್ಜೆಯೇ ಎಲ್ಲರ ಹೆಜ್ಜೆ. ಸಾಲಿನ ಕೊನೆಯ ಸ್ಥಾನವನ್ನು ದೊಡ್ಡಪ್ಪ ತಾವೇ ಕೇಳಿ ಪಡೆದರು.

ನಮ್ಮ ಕ್ಷೇತ್ರಗಳ ಆಡಳಿತ ಮಂಡಳಿಗಳು ವರ್ಷವಿಡೀ ಮಕ್ಕಳನ್ನು ಯಾತ್ರೆಗೆ ಕರೆದೊಯ್ಯುತ್ತವೆ. ವಾಹನ, ವಸತಿ, ಪೂಜೆ, ಭೋಜನಗಳ ಏರ್ಪಾಡು ಅಚ್ಚುಕಟ್ಟಾಗಿಯೇ ಇರುತ್ತದೆ. ಅದರೊಡನೆ ಕೊನೆಯಲ್ಲಿ ನಡೆಯುವ ಮಗುವಿನ ಮೇಲೆ ಕಣ್ಣಿಡುವವರು ಯಾರೆಂಬುದನ್ನೂ ಹೊರಡುವ ಮೊದಲೇ ನಿಶ್ಚಯಿಸಬೇಕು. ಇರುವೆಯನ್ನು ತುಳಿಯದಂತೆ ನಡೆಯಲು ಕಲಿಸಿದ ಧರ್ಮವು ಹಿಂದೆ ಉಳಿದವರನ್ನು ತಿರುಗಿ ನೋಡುವುದನ್ನೂ ಕಲಿಸಿದೆ.